ಅರವತ್ತು ಹೆಂಗಸರು, ಆರು ಪೇಪರು

ನನ್ನ ಅಳಿಯ ಒಂದೇ ಕುಂಬಳಕಾಯಿಯಲ್ಲಿ ಆರು ಮದುವೆಗೆ ಊಟ ಬಡಿಸಬಲ್ಲವರು. ಹಾಗಂತ ಅವರಿಗೆ ಅಡುಗೆ ಬರುತ್ತದೆ ಎಂದು ತಿಳಿಯಬೇಡಿ. ಹಾಲು ಉಕ್ಕಿದರೆ ಗ್ಯಾಸ್ ಆರಿಸುವುದನ್ನು ಬಿಟ್ಟು ನನ್ನ ಮಗಳನ್ನು ಕೂಗುವ ಪೈಕಿ. ಅವರು ಗ್ರೇಟರ್ ನೋಯ್ಡಾದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ಅದರ ಜೊತೆಗೆ ಪೇಪರು ಬರೆಯುತ್ತಾರೆ.

ಪೇಪರು ಎಂದರೆ ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವುದಲ್ಲ. ನಾಲ್ಕು ಜನರನ್ನು ಏನಾದರೂ ಕೇಳಿ, ಅವರು ಹೇಳಿದ್ದನ್ನು ಕೂಡಿಸಿ ಕಳೆದು, ಸಂಗತಿ ಹೀಗಿದೆ ಎಂದು ದೊಡ್ಡ ಓದಿನವರ ಪತ್ರಿಕೆಗೆ ಕಳಿಸುವುದು. ಅದನ್ನು ಎಷ್ಟು ಜನ ಓದುತ್ತಾರೆ ಎಂದು ಒಮ್ಮೆ ಕೇಳಿದೆ. "ಓದುವುದು ಮುಖ್ಯವಲ್ಲ ಅತ್ತೆ, ಅಚ್ಚಾಗುವುದು ಮುಖ್ಯ" ಅಂದರು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈ ಮಾತು ನನಗೆ ತಿಳಿಯದೆ ಹೋದದ್ದು ಓದು ಸಾಲದ್ದಕ್ಕೋ, ಮಾತಿನಲ್ಲೇ ಏನೂ ಇಲ್ಲದ್ದಕ್ಕೋ, ಇನ್ನೂ ತೀರ್ಮಾನವಾಗಿಲ್ಲ.

ಯಾವುದನ್ನೂ ಒಂದೇ ಸಲಕ್ಕೆ ಮುಗಿಸುವುದು ಅವರ ಜಾಯಮಾನದಲ್ಲಿ ಇಲ್ಲ. ಟೂತ್‌ಪೇಸ್ಟ್ ಖಾಲಿಯಾದರೆ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ ಇನ್ನೊಂದು ವಾರ ಹಲ್ಲುಜ್ಜುತ್ತಾರೆ. ಒಂದು ನೆಗಡಿಯ ಕತೆಯನ್ನು ತಮ್ಮ ಅಮ್ಮನಿಗೊಂದು ಬಗೆ, ಕಾಲೇಜಿಗೊಂದು ಬಗೆ, ಡಾಕ್ಟರಿಗೊಂದು ಬಗೆ ಹೇಳುತ್ತಾರೆ. ಸುಳ್ಳಲ್ಲ, ನೋಡಿ. ಅಮ್ಮನಿಗೆ ಮೂಗು, ಕಾಲೇಜಿಗೆ ಜ್ವರ, ಡಾಕ್ಟರಿಗೆ ಗಂಟಲು. ಎಲ್ಲವೂ ಅದೇ ನೆಗಡಿಯದೇ.

ಒಂದು ಸಲ ನಾವೆಲ್ಲ ಆಗ್ರಾಕ್ಕೆ ಹೋಗಿದ್ದೆವು. ಬೆಳಿಗ್ಗೆ ಹೋಗಿ ಸಂಜೆ ಬಂದದ್ದು. ಅಲ್ಲಿ ತೆಗೆದ ಫೋಟೋಗಳನ್ನು ಅಳಿಯ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ವಾರಕ್ಕೆ ಎರಡರ ಹಾಗೆ ಬಿಟ್ಟರು. ಒಂದು ವಾರ ತಾಜಮಹಲಿನ ಎದುರು ನಾನು. ಇನ್ನೊಂದು ವಾರ ತಾಜಮಹಲಿನ ಪಕ್ಕ ಮಗಳು. ಮತ್ತೊಂದು ವಾರ ಮೊಮ್ಮಗಳ ಕೈಯಲ್ಲಿ ಅಲ್ಲಿಯ ಸಿಹಿತಿಂಡಿ ಪೇಠಾ. ನಾಲ್ಕು ತಿಂಗಳು ಕಳೆದ ಮೇಲೆ ಕುಂದಾಪುರದಿಂದ ನನ್ನ ನಾದಿನಿ ಫೋನು ಮಾಡಿದಳು.

"ಅತ್ತಿಗೆ, ಅಳಿಯಂದಿರಿಗೆ ಆಗ್ರಾಕ್ಕೆ ವರ್ಗವಾಯಿತಾ?"

"ಇಲ್ಲವಲ್ಲ. ಯಾಕೆ?"

"ಮತ್ತೆ ಎಂತಕ್ಕೆ ನೀವು ವಾರವಾರ ಅಲ್ಲಿಗೆ ಹೋಗುವುದು? ಅದೂ ಉಟ್ಟ ಸೀರೆ ಸಹ ಬದಲಿಸದೆ?"

ಇದನ್ನು ನಗುವುದಕ್ಕೆ ಹೇಳಿದೆ. ಆದರೆ ಮುಂದೆ ನಡೆದದ್ದು ಇದೇ ಕತೆ, ಸ್ವಲ್ಪ ದೊಡ್ಡ ಪಾತ್ರೆಯಲ್ಲಿ.

ಮೂರು ಚಳಿಗಾಲದ ಹಿಂದೆ ಅಳಿಯನಿಗೆ ಒಂದು ಯೋಚನೆ ಬಂತು. ನಮ್ಮ ಕಡೆಯಿಂದ ಬಂದು ದಿಲ್ಲಿಯಲ್ಲಿ ಮಕ್ಕಳ ಜೊತೆ ಇರುವ ವಯಸ್ಸಾದ ಹೆಂಗಸರು ಹೇಗಿದ್ದಾರೆ, ಏನು ತಿನ್ನುತ್ತಾರೆ, ಎಷ್ಟು ನಿದ್ದೆ ಮಾಡುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳುವುದು. ನಲವತ್ತು ಪ್ರಶ್ನೆಗಳ ಫಾರಂ ಮಾಡಿಸಿದರು. ಒಬ್ಬರೇ ಹೋದರೆ ಯಾರು ಬಾಗಿಲು ತೆಗೆಯುತ್ತಾರೆ? ಹಾಗಾಗಿ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ನನ್ನ ಗಂಡ ಇದ್ದಾಗ ಕರೋಲ್ ಬಾಗಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು ಇತ್ತು. ಅಲ್ಲಿ ಇಡ್ಲಿ ತಿನ್ನದ ಕನ್ನಡದ ಮನೆ ದಿಲ್ಲಿಯಲ್ಲಿ ಕಡಿಮೆ. ನನ್ನ ಮುಖ ನೋಡಿ ಬಾಗಿಲು ತೆಗೆದರು, ಅಳಿಯನ ಕೈಯ ಕಾಗದ ನೋಡಿ ಮುಖ ಸಣ್ಣ ಮಾಡಿದರು. ವಿಮೆಯವರು ಇರಬೇಕು ಎಂದು.

ಎಲ್ಲರಿಗಿಂತ ಮೊದಲು ಕೂರಿಸಿದ್ದು ನನ್ನನ್ನೇ. ನಮ್ಮ ಮನೆಯ ಊಟದ ಮೇಜಿನಲ್ಲಿ, ಎದುರುಬದುರು.

"ಹೆಸರು ಬೇಡ ಅತ್ತೆ. ಇದು ಗುಟ್ಟಾಗಿ ಇರಬೇಕು. ನೀವು ಒಂದನೇ ನಂಬರು."

"ಆಯಿತು."

"ಮನೆಯಲ್ಲಿ ಯಾರು ಯಾರು ಇದ್ದಾರೆ?"

"ನೀವೇ ಇದ್ದೀರಲ್ಲ."

"ಅದು ನನಗೆ ಗೊತ್ತು. ಆದರೆ ನೀವು ಹೇಳಬೇಕು."

"ಮಗಳು, ಮೊಮ್ಮಗಳು, ಅಳಿಯ ಅಂತ ಒಬ್ಬರು."

"ದಿನಕ್ಕೆ ಎಷ್ಟು ಸಲ ಉಪ್ಪಿನಕಾಯಿ ತಿನ್ನುತ್ತೀರಿ?"

"ನಿಮ್ಮ ಹೆಂಡತಿ ಹುಳಿಗೆ ಉಪ್ಪು ಹಾಕಲು ಎಷ್ಟು ಸಲ ಮರೆಯುತ್ತಾಳೋ ಅಷ್ಟು ಸಲ."

ಒಳಗಿನಿಂದ ಮಗಳು, "ಅಮ್ಮ, ನನಗೆ ಕೇಳಿಸ್ತಾ ಇದೆ" ಅಂದಳು.

ಕೊನೆಯ ಪ್ರಶ್ನೆ, ಮನಸ್ಸಿಗೆ ಒಂಟಿ ಅನಿಸುತ್ತದೆಯೇ ಎಂದು. ಇಲ್ಲ ಅಂದೆ. ಮತ್ತೇನು ಅನ್ನಬೇಕಿತ್ತು? ಮಗಳ ಮನೆಯಲ್ಲಿ ಉಂಡುಕೊಂಡು, ಅಳಿಯನ ಎದುರು ಕೂತು, ನನಗೆ ಇಲ್ಲಿ ಬೇಜಾರು ಅನ್ನುವ ಅತ್ತೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅಳಿಯ 'ಇಲ್ಲ' ಎಂಬಲ್ಲಿ ಗುರುತು ಹಾಕಿ, ಥ್ಯಾಂಕ್ಸ್ ಎಂದು ಹೊಸಬರಿಗೆ ಹೇಳುವಂತೆ ಹೇಳಿ ಎದ್ದರು.

ಹೀಗೆ ಅರವತ್ತು ಹೆಂಗಸರಾದರು. ಎಲ್ಲ ಕಡೆಯೂ ನಡೆದದ್ದು ಒಂದೇ ಥರ. ಮುದುಕಿ ಸೋಫಾದ ತುದಿಯಲ್ಲಿ ಕೂರುವುದು, ಸೊಸೆ ಚಹಾದ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವುದು, ಅಳಿಯ ಆ ಕೊನೆಯ ಪ್ರಶ್ನೆ ಕೇಳುವುದು. ಮುದುಕಿ ಒಮ್ಮೆ ತಟ್ಟೆ ನೋಡಿ, "ಛೇ ಛೇ, ನನಗೇನು ಕಡಿಮೆ, ಎಲ್ಲ ಚೆನ್ನಾಗಿದೆ" ಅನ್ನುವುದು.

ಮರುವರ್ಷ ಮೊದಲ ಪೇಪರು ಅಚ್ಚಾಯಿತು. ಮಂಡಿನೋವಿನದು. ಆ ಸಂತೋಷಕ್ಕೆ ಅಳಿಯ ನಮ್ಮನ್ನು ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಊಟಕ್ಕೆ ಕರೆದುಕೊಂಡು ಹೋದರು. ಎರಡು ತಿಂಗಳಿಗೆ ಇನ್ನೊಂದು ಬಂತು, ನಿದ್ದೆಯದು. ಮತ್ತೆ ಊಟ. ಆಮೇಲೆ ಉಪ್ಪಿನದು, ಊಟ. ಚಳಿಯದು, ಊಟ. ನಾನು ಊಟ ಬಿಡುವವಳಲ್ಲ. ಆದರೂ ನಾಲ್ಕನೆಯ ಸಲ ಸಾರು ಕಲಸುತ್ತಾ ಕೇಳಿದೆ.

"ನೀವು ಮತ್ತೆ ಯಾವಾಗ ಹೋಗಿ ಕೇಳಿದಿರಿ? ನನ್ನನ್ನು ಬಿಟ್ಟು ಹೋದಿರಾ?"

"ಹೊಸದಾಗಿ ಯಾಕೆ ಕೇಳಬೇಕು? ಅದೇ ಅರವತ್ತು ಜನ ಅತ್ತೆ. ಮಂಡಿ ಬೇರೆ, ನಿದ್ದೆ ಬೇರೆ ಅಲ್ಲವೇ?"

"ಮಂಡಿ ನೋಯುವುದಕ್ಕೇ ನಿದ್ದೆ ಬಾರದಿರುವುದು. ಎರಡೂ ಒಂದೇ ಕಡೆ ಬರೆದಿದ್ದರೆ ಓದಿದವರಿಗೆ ಅದಾದರೂ ತಿಳಿಯುತ್ತಿತ್ತು."

ಅಳಿಯ ಹಪ್ಪಳ ಮುರಿದರು. ಮಗಳು ನನ್ನ ಕಾಲು ತುಳಿದಳು.

ಮೊಮ್ಮಗಳಿಗೆ ಹದಿನೇಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಹಿಂದಿಯೇ ಮೊದಲು ಬರುವುದು. ಆರನೆಯ ಪೇಪರು ಬಂದಾಗ ಅವಳನ್ನು ಕೂರಿಸಿಕೊಂಡು ಆರನ್ನೂ ಓದಿಸಿ ಅರ್ಥ ಕೇಳಿದೆ. ಮೊದಲನೆಯದರಲ್ಲಿ ನಾನು ದಿಲ್ಲಿಯ ವೃದ್ಧೆ. ಎರಡನೆಯದರಲ್ಲಿ ಉತ್ತರ ಭಾರತದ ಒಂದು ಮಹಾನಗರಕ್ಕೆ ವಲಸೆ ಬಂದವಳು. ನಾಲ್ಕನೆಯದರಲ್ಲಿ ಚಳಿಪ್ರದೇಶದಲ್ಲಿ ವಾಸಿಸುವ ಕರಾವಳಿಯವಳು. ಕೂತ ಕುರ್ಚಿಯಿಂದ ಏಳದೆ ನಾನು ಇಷ್ಟು ಊರು ಸುತ್ತಿದ್ದೆ. ಇವರು ಹಿಂದಿನ ಪೇಪರಿನ ಅದೇ ಹೆಂಗಸರು ಎಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ. ಮತ್ತೆ ಆರರ ಕೊನೆಗೂ ಒಂದೇ ಸಾಲು: ಈ ಹೆಂಗಸರು ನೆಮ್ಮದಿಯಾಗಿದ್ದಾರೆ, ಒಂಟಿತನ ಇಲ್ಲ.

"ಅಜ್ಜಿ, ಪಾಪಾ ನೇ ತೋ ನಿಮ್ಮನ್ನ ಫೇಮಸ್ ಮಾಡಿದ್ರು" ಅಂದಳು ಮೊಮ್ಮಗಳು.

ಆವತ್ತು ಸಂಜೆ ಅಳಿಯನನ್ನು ಬಾಲ್ಕನಿಯಲ್ಲಿ ಹಿಡಿದೆ.

"ನಮ್ಮ ಹೋಟೆಲಿನಲ್ಲಿ ಸೋಮವಾರ ರುಬ್ಬಿದ ಹಿಟ್ಟು ಸೋಮವಾರ ಇಡ್ಲಿ, ಮಂಗಳವಾರ ದೋಸೆ, ಬುಧವಾರ ಉತ್ತಪ್ಪ. ಬುಧವಾರಕ್ಕೆ ಈರುಳ್ಳಿ ಯಾಕೆ ಬೀಳುತ್ತದೆ ಗೊತ್ತಾ? ಹುಳಿ ಮುಚ್ಚುವುದಕ್ಕೆ."

"ನಾನು ಹೇಳುವುದೂ ಅದೇ ಅತ್ತೆ. ಒಂದೇ ಮಾಹಿತಿಯಿಂದ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹುಡುಕುವುದು ತಪ್ಪಲ್ಲ. ದೊಡ್ಡ ದೊಡ್ಡವರೂ ಮಾಡುತ್ತಾರೆ."

"ತಪ್ಪು ಅಂದೆನಾ ನಾನು? ಆದರೆ ಗಿರಾಕಿ ಹಿಟ್ಟು ಯಾವತ್ತಿನದು ಎಂದು ಕೇಳಿದರೆ ನಿಮ್ಮ ಮಾವ ಸೋಮವಾರದ್ದು ಅನ್ನುತ್ತಿದ್ದರು. ಬೇಕಾದವನು ತಿಂದ, ಬೇಡದವನು ಕಾಫಿ ಕುಡಿದು ಹೋದ."

"ನಾನೂ ಸುಳ್ಳು ಹೇಳಿಲ್ಲ. ನನ್ನನ್ನು ಯಾರೂ ಕೇಳಿಲ್ಲ."

ಅವರು ಹೀಗೆ ಹೇಳಿದ್ದಕ್ಕೆ ಕಾರಣವಿತ್ತು. ಇನ್ನೊಂದು ತಿಂಗಳಿಗೆ ಕಾಲೇಜಿನಲ್ಲಿ ಅವರ ಬಡ್ತಿಯ ಸಂದರ್ಶನ. ಹನ್ನೊಂದು ವರ್ಷದಿಂದ ಕಾದದ್ದು. ಅಲ್ಲಿ ಕೂರುವವರು ಪೇಪರು ಓದುವುದಿಲ್ಲವಂತೆ, ಎಣಿಸುತ್ತಾರಂತೆ. ಕಡಿಮೆ ಎಂದರೆ ಆರು ಬೇಕು. ಮಗಳು ಆಗಲೇ ಬಾಗಿಲಿಗೆ ಹೊಸ ಬೋರ್ಡು ಮಾಡಿಸಿ ತಂದಿದ್ದಳು, ಹೆಸರಿನ ಹಿಂದೆ ಪ್ರೊಫೆಸರ್ ಎಂದು ಹಿತ್ತಾಳೆಯಲ್ಲಿ ಕೊರೆಸಿ. ಇನ್ನೂ ಹುಟ್ಟದ ಮಗುವಿಗೆ ತೊಟ್ಟಿಲು ಕಟ್ಟಬಾರದು ಕಣೇ ಅಂದರೆ, "ನಿನ್ನದು ಯಾವಾಗಲೂ ಅಡ್ಡಬಾಯಿ" ಎಂದು ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಳು.

ಸಂದರ್ಶನಕ್ಕೆ ಹತ್ತು ದಿನ ಇರುವಾಗ ಅಳಿಯನಿಗೆ ಒಂದು ಮೇಲ್ ಬಂತು. ಬರೆದವರು ಒಬ್ಬ ಡಾಕ್ಟರಮ್ಮ, ಮುದುಕರಿಗಾಗಿ ಕೆಲಸ ಮಾಡುವ ಒಂದು ಸಂಘದವರು. ಓಖ್ಲಾದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ಅವರಿಗೆ ಒಂದು ದೊಡ್ಡ ಹಾಲ್ ಸಿಕ್ಕಿದೆಯಂತೆ. ಹಗಲು ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದ ಹೆಂಗಸರು ಬಂದು ಕೂತು ಮಾತಾಡಿ ಹೋಗಲಿ, ಕರೆತರಲು ಒಂದು ವ್ಯಾನೂ ಇಡೋಣ ಎಂದು ಅವರ ಯೋಚನೆ. ಅದಕ್ಕೆ ಮೊದಲು ಇರುವ ಪೇಪರೆಲ್ಲ ಓದಿದ್ದಾರೆ. ಕೊನೆಗೂ ಓದುವವಳು ಒಬ್ಬಳು ಸಿಕ್ಕಳು ಎಂದುಕೊಂಡೆ ನಾನು. ಅವರು ಬರೆದದ್ದು ಇಷ್ಟು: ನಿಮ್ಮ ಆರೂ ಪೇಪರುಗಳ ಪ್ರಕಾರ ಮುನ್ನೂರ ಅರವತ್ತು ಹೆಂಗಸರಲ್ಲಿ ಯಾರಿಗೂ ಒಂಟಿತನ ಇಲ್ಲ. ಹಾಗಿದ್ದರೆ ಆ ಹಾಲನ್ನು ಕಂಪ್ಯೂಟರ್ ಕ್ಲಾಸಿಗೆ ಕೊಡುತ್ತೇವೆ. ಆರರಲ್ಲೂ ಬೇರೆ ಬೇರೆ ಹೆಂಗಸರೇ ತಾನೆ?

ಅಳಿಯ ಎರಡು ದಿನ ಆ ಮೇಲ್ ತೆಗೆಯುವುದು, ಮುಚ್ಚುವುದು, ಅಷ್ಟೇ ಮಾಡಿದರು. ಮೂರನೆಯ ದಿನ, ಭಾನುವಾರ, ನಾನು ಬಿಸಿಲಿಗೆ ಕೂತು ಬಟಾಣಿ ಬಿಡಿಸುತ್ತಿದ್ದೆ. ಬಂದು ಎದುರಿಗೆ ಕೂತು ತಾವೂ ಬಿಡಿಸತೊಡಗಿದರು. ಸಿಪ್ಪೆಯನ್ನು ಪಾತ್ರೆಗೆ, ಕಾಳನ್ನು ಕಸಕ್ಕೆ ಹಾಕಿದರು. ಆಗಲೇ ನನಗೆ ಗೊತ್ತಾಯಿತು, ವಿಷಯ ದೊಡ್ಡದು ಎಂದು.

ಮೇಲ್ ಬಂದ ಸಂಗತಿ ಹೇಳಿ, "ಅದೇ ಜನ ಎಂದು ಬರೆದರೆ ಕಾಲೇಜಿನಲ್ಲೂ ಅದನ್ನೇ ಹೇಳಬೇಕಾಗುತ್ತದೆ. ಆರು ಹೋಗಿ ಒಂದೋ ಎರಡೋ ಉಳಿಯುತ್ತದೆ" ಅಂದರು.

"ಬರೆಯದಿದ್ದರೆ?"

"ಹಾಲ್ ಹೋಗುತ್ತದೆ. ಆದರೆ ಅತ್ತೆ, ಆರು ಸಲ ಎಣಿಸಿದ್ದು ತಪ್ಪಿರಬಹುದು, ಹೇಳಿದ್ದಂತೂ ನಿಜ ತಾನೆ? ಅರವತ್ತೇ ಇರಲಿ, ಅರವತ್ತೂ ನೆಮ್ಮದಿ ಅಂದಿದ್ದಾರೆ. ಹಾಲ್ ಬೇಡ ಅನ್ನುವುದು ಹೇಗೂ ಸರಿಯೇ ಆಯಿತು."

ನಾನು ಬಟಾಣಿ ಕೆಳಗಿಟ್ಟೆ.

"ನೋಡಿ, ನಿಮಗೆ ಇಷ್ಟು ಓದಿಸಿದವರು ಇದನ್ನು ಹೇಳಿಕೊಡಲಿಲ್ಲ. ಸೊಸೆ ತಲೆಯ ಮೇಲೆ ನಿಂತಿರುವಾಗ ಯಾವ ಅತ್ತೆ ನಿಜ ಹೇಳುತ್ತಾಳೆ? ಆ ಅರವತ್ತರಲ್ಲಿ ಎಷ್ಟು ಸುಳ್ಳೋ ನನಗೆ ಗೊತ್ತಿಲ್ಲ. ಒಂದು ಮಾತ್ರ ಸುಳ್ಳು ಎಂದು ಖಂಡಿತ ಗೊತ್ತು."

"ಯಾವುದು?"

"ಮೊದಲನೆಯದು."

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕನ್ನಡಕ ತೆಗೆದರು, ಹಾಕಿದರು. "ನನಗೆ ಯಾಕೆ ಹೇಳಲಿಲ್ಲ?"

"ನೀವು ಅಳಿಯ. ಬೆಳಿಗ್ಗೆ ಎಂಟಕ್ಕೆ ಮೂವರೂ ಹೋಗುತ್ತೀರಿ, ಸಂಜೆ ಏಳಕ್ಕೆ ಬರುತ್ತೀರಿ. ನಡುವೆ ನಾನು ಮಾತಾಡುವುದು ತರಕಾರಿ ಭಯ್ಯಾನ ಹತ್ತಿರ. ಅವನೂ ಈಗ ಫೋನಿನಲ್ಲಿ ಆರ್ಡರ್ ಮಾಡಿ ಮಾತಾಜಿ ಅನ್ನುತ್ತಾನೆ. ಇದನ್ನು ನಿಮಗೆ ಹೇಳಿದರೆ ನೀವು ಏನು ಮಾಡುವವರು? ಕೆಲಸ ಬಿಡುತ್ತೀರಾ? ನಿಮಗೂ ಹಿಂಸೆ, ನನಗೂ ಹಿಂಸೆ. ಅದಕ್ಕೆ ಇಲ್ಲ ಅಂದೆ. ನೀವು ಅದನ್ನು ಆರು ಊರಿಗೆ ಸಾರಿಕೊಂಡು ಬಂದಿರಿ."

ಮಗಳು ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಟ್ಟೆ ಹರವಿ ಒಳಗೆ ಹೋದಳು. ಒಂದೇ ಟವಲನ್ನು ಮೂರು ಸಲ ಹಿಂಡಿದ್ದು ನನಗೆ ಕಂಡಿತು.

ಅಳಿಯ ಆವತ್ತೇ ಡಾಕ್ಟರಮ್ಮನಿಗೆ ಬರೆದರು: ಆರರಲ್ಲೂ ಇರುವುದು ಅದೇ ಅರವತ್ತು ಹೆಂಗಸರು, ಮನೆಯವರ ಎದುರು ಕೇಳಿದ್ದು, ಆ ಕೊನೆಯ ಸಾಲನ್ನು ನಂಬಬೇಡಿ. ಪತ್ರಿಕೆಗಳಿಗೂ ಅದನ್ನೇ ಬರೆದರು. ಸಂದರ್ಶನಕ್ಕೆ ಹೋಗಿ ಅಲ್ಲಿಯೂ ತಾವಾಗಿಯೇ ಹೇಳಿದರು. ಎಣಿಸುವವರು ಎಣಿಸಿದ್ದನ್ನು ಅಳಿಸಿ ಮತ್ತೆ ಎಣಿಸಿದರಂತೆ. ಎರಡು ಬಂತು. ಬಡ್ತಿ ಅವರಿಗಿಂತ ಆರು ವರ್ಷ ಚಿಕ್ಕವನೊಬ್ಬನಿಗೆ ಆಯಿತು. ಮಗಳು ನನ್ನೊಡನೆ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಹುಳಿಗೆ ಉಪ್ಪು ಜಾಸ್ತಿ ಹಾಕಿ, "ಸಾಕಾ?" ಅಂದಳು. ಅಲ್ಲಿಗೆ ರಾಜಿ.

ಆ ಹಿತ್ತಾಳೆ ಬೋರ್ಡನ್ನು ಏನು ಮಾಡಿದಿರಿ ಎಂದು ಕೇಳಬೇಡಿ. ಹಪ್ಪಳದ ಹಿಟ್ಟು ಒತ್ತಲು ಬಹಳ ಒಳ್ಳೆಯದು.

ಡಾಕ್ಟರಮ್ಮನ ಉತ್ತರ ಬಂತು. ಹೋಳಿಯವರೆಗೆ ಹಾಲನ್ನು ಯಾರಿಗೂ ಕೊಡುವುದಿಲ್ಲ, ಆ ಹೆಂಗಸರನ್ನೇ ಮತ್ತೆ, ಸರಿಯಾಗಿ ಕೇಳಿಕೊಂಡು ಬನ್ನಿ ಎಂದು. ಹಾಗೆ ನಮ್ಮ ಭಾನುವಾರಗಳು ಮತ್ತೆ ಕಾರಿನಲ್ಲಿ ಶುರುವಾದವು. ಈ ಸಲ ಕೇಳುವವಳು ನಾನು. ಅಳಿಯನ ಕೆಲಸ ಬೇರೆ. ಮುಂದಿನ ಕೋಣೆಯಲ್ಲಿ ಕೂತು ಸೊಸೆಯರನ್ನು ಮಾತಿಗೆ ಹಿಡಿಯುವುದು, ಮಕ್ಕಳ ಮಾರ್ಕ್ಸ್ ಕೇಳುವುದು, ಕೊಟ್ಟಷ್ಟು ಚಹಾ ಕುಡಿಯುವುದು. ಅಷ್ಟರಲ್ಲಿ ನಾನು ಮುದುಕಿಯನ್ನು ಬಾಲ್ಕನಿಗೋ ಅಡುಗೆಮನೆಗೋ ಕರೆದುಕೊಂಡು ಹೋಗಿ ಬಾಗಿಲು ಓರೆ ಮಾಡುವುದು. ಒಂದು ಭಾನುವಾರ ಐದು ಮನೆಯಾಗಿ, ಅಳಿಯ ಹೈವೇಯಲ್ಲಿ ಎರಡು ಸಲ ಪೆಟ್ರೋಲ್ ಬಂಕು ಹುಡುಕಿದರು. ಪೆಟ್ರೋಲಿಗಲ್ಲ.

ನಾನು ಫಾರಂ ಹಿಡಿದಿರಲಿಲ್ಲ. ಸುಮ್ಮನೆ, "ಹಗಲು ಹೇಗೆ ಕಳೀತೀರಿ ಮಾರಾಯ್ರೆ?" ಅನ್ನುವುದು. ಮಯೂರ್ ವಿಹಾರದ ಒಬ್ಬರು ವಾಷಿಂಗ್ ಮೆಷಿನ್ನಿಗೆ ಊರಿನ ಸುದ್ದಿ ಹೇಳುತ್ತಾರಂತೆ, ಅದು ಗುಂಯ್ ಅನ್ನುವಷ್ಟು ಹೊತ್ತು ಯಾರೋ ಹೂಂಗುಟ್ಟಿದ ಹಾಗೆ ಇರುತ್ತದಂತೆ. ಆರ್.ಕೆ. ಪುರದ ಒಬ್ಬರು, "ನನಗೆ ಒಂಟಿತನ ಗಿಂಟಿತನ ಏನಿಲ್ಲ, ನಮ್ಮನೆ ಟಿ.ವಿ. ಹಿಂದಿಯಲ್ಲಿ ಜಗಳ ಆಡುತ್ತೆ, ನಾನು ಕನ್ನಡದಲ್ಲಿ ಉತ್ತರ ಕೊಡ್ತೀನಿ" ಅಂದರು. ಒಬ್ಬರು ನಿಜವಾಗಿಯೂ ಸುಖವಾಗಿದ್ದರು. ಅದನ್ನೂ ಬರೆಸಿದೆ. ಕಾರಿಗೆ ಬಂದ ಮೇಲೆ ನಾನು ಹೇಳುವುದು, ಅಳಿಯ ಸ್ಟೇರಿಂಗಿನ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುವುದು. ಅರ್ಧಕ್ಕಿಂತ ಹೆಚ್ಚು ಮಂದಿ ಆ ಹಾಲ್ ಎಲ್ಲಿದೆ, ವ್ಯಾನು ಎಷ್ಟು ಗಂಟೆಗೆ ಬರುತ್ತದೆ ಎಂದು ಆಗಲೇ ಕೇಳಿದ್ದರು.

ಹೋದ ಭಾನುವಾರ ಜನಕಪುರಿಯ ಒಂದು ಮನೆಗೆ ಹೋದೆವು. ಬಾಗಿಲು ತೆಗೆದ ಸೊಸೆ ನಮ್ಮನ್ನು ಗುರುತು ಹಿಡಿದು, "ಅಮ್ಮ ಹೋದ ದೀಪಾವಳಿಗೆ ತೀರಿಕೊಂಡರು" ಅಂದಳು. ಗೋಡೆಯ ಮೇಲೆ ಫೋಟೋ, ಹಾರ, ಕೆಳಗೆ ಹೆಸರು. ತುಂಗಮ್ಮ ಎಂದು.

ಇನ್ನು ಇಲ್ಲಿ ಕೇಳುವುದಕ್ಕೆ ಏನೂ ಇಲ್ಲ ಎಂದು ನಾನು ತಿರುಗಿದೆ. ಅಳಿಯ ಬರಲಿಲ್ಲ. ಬೂಟು ಬಿಚ್ಚಿಟ್ಟು ಒಳಗೆ ಹೋಗಿ ಫೋಟೋದ ಎದುರು ನಿಂತರು. ಆಮೇಲೆ ಸೊಸೆಯ ಹತ್ತಿರ ಕೂತು, ಅವರು ಹೇಗಿದ್ದರು, ಕೊನೆಗೆ ಯಾರು ಹತ್ತಿರ ಇದ್ದರು ಎಂದು ಕೇಳಿದರು. ಕೈಯಲ್ಲಿ ಪುಸ್ತಕ ಇರಲಿಲ್ಲ. ಚಹಾ ತಣ್ಣಗಾಯಿತು.

ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದರು.

"ಅವರು ಹೇಳಿದ ನಲವತ್ತು ಉತ್ತರವೂ ನನಗೆ ಬಾಯಿಪಾಠ ಇದೆ ಅತ್ತೆ. ಎಡ ಮಂಡಿ ನೋವು. ನಾಲ್ಕು ಗಂಟೆ ನಿದ್ದೆ. ಚಳಿಗೆ ಎರಡು ಸ್ವೆಟರ್. ಆರು ಸಲ ಬರೆದಿದ್ದೇನೆ ಅವರನ್ನು. ಹೆಸರು ಗೊತ್ತಾದದ್ದು ಇವತ್ತು."

ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು, ಅವರಿಗೆ ಕೇಳಿಸಲಿಲ್ಲ. ಕನ್ನಡಕ ಮಸುಕಾಗಿತ್ತು. ಕೈ ಚಾಚಿ ಅದನ್ನು ತೆಗೆದು ನನ್ನ ಸೆರಗಿನಲ್ಲಿ ಒರೆಸಿ ಮತ್ತೆ ಅವರ ಮೂಗಿನ ಮೇಲೆ ಇಟ್ಟೆ. ಇಪ್ಪತ್ತು ವರ್ಷದಲ್ಲಿ ನಾನು ಅಳಿಯನ ಮುಖ ಮುಟ್ಟಿದ್ದು ಅದೇ ಮೊದಲು.

"ಹೋಗಿ," ಅಂದೆ. "ಇನ್ನೂ ಹನ್ನೆರಡು ಮನೆ ಇವೆ."